ಒಂದು ಹಕ್ಕಿನ ಹುಟ್ಟೂರು ಹುಡುಕುವ ಬಗೆ

ನಮ್ಮ ಕಡೆ ಮಕ್ಕಳಿಗೆ 'ಹಕ್ಕು' ಅಂದರೆ ಮೊದಲು ನೆನಪಾಗುವುದು ಹಕ್ಕುಪತ್ರ. ನಾನಿರುವುದು ಸಾಗರ ತಾಲ್ಲೂಕಿನ ಒಂದು ಊರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿನ್ನೀರು ಏರಿದಾಗ ಗದ್ದೆ, ತೋಟ, ಮನೆ ಎಲ್ಲವನ್ನೂ ನೀರಿಗೆ ಬಿಟ್ಟು ಬಂದ ಮನೆತನಗಳ ಮೊಮ್ಮಕ್ಕಳು, ಮರಿಮಕ್ಕಳು ಇಲ್ಲಿದ್ದಾರೆ. ಅವರ ಪಾಲಿಗೆ ಹಕ್ಕು ಎಂದರೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಒಂದು ಕಾಗದ. ಇಲ್ಲವೇ ಇನ್ನೂ ಕೈಗೆ ಬರದ ಒಂದು ಕಾಗದ.

31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಡಿಸೆಂಬರ್ 10 ಬಂತೆಂದರೆ ಮಾನವ ಹಕ್ಕುಗಳ ದಿನ: ಒಂದು ಪ್ರತಿಜ್ಞೆ, ಒಂದು ಪ್ರಬಂಧ ಸ್ಪರ್ಧೆ. ಒಂದು ವರ್ಷ ಒಬ್ಬ ಹುಡುಗ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30 ವಿಧಿಗಳನ್ನೂ ಒಂದೂ ಬಿಡದೆ ಒಪ್ಪಿಸಿದ. ಬಹುಮಾನ ತಗೊಂಡು ಕೂತ ಮೇಲೆ ಕೇಳಿದ, "ಟೀಚರ್, ಇದನ್ನ ನಮಗೆ ಯಾರು ಕೊಟ್ಟಿದ್ದು?" ವಿಶ್ವಸಂಸ್ಥೆ ಅಂದೆ. "ಅವರಿಗೆ ಯಾರು ಕೊಟ್ಟರು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿವೃತ್ತಿಯಾದ ಮೇಲೆ ಆ ಉತ್ತರಕ್ಕಾಗಿ ಕೂತು ಓದಿದೆ. ಈಗ ಭಾನುವಾರ ಬೆಳಿಗ್ಗೆ ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹತ್ತು ಹನ್ನೆರಡು ಜನ, ಮಕ್ಕಳೂ ದೊಡ್ಡವರೂ ಸೇರಿ, ಆ ಓದನ್ನೇ ಮಾಡುತ್ತೇವೆ. ಹೇಗೆ ಮಾಡುತ್ತೇವೆ ಅಂತ ಕೇಳಿದವರಿಗಾಗಿ ಇದನ್ನು ಬರೆದಿದ್ದೇನೆ. ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಘೋಷಣೆಯ ಕನ್ನಡ ಮತ್ತು ಇಂಗ್ಲಿಷ್ ಪ್ರತಿ, ಇಂಟರ್ನೆಟ್ ಇರುವ ಒಂದು ಮೊಬೈಲ್.

ಶುರು ಮಾಡುವಾಗ ಮೂವತ್ತೂ ವಿಧಿ ಓದಬೇಡಿ. ಒಬ್ಬರಿಗೆ ಒಂದೇ ವಿಧಿ, ಅದನ್ನೂ ಅವರವರೇ ಆರಿಸಿಕೊಳ್ಳಲಿ. ಕನ್ನಡದ ಅನುವಾದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಛೇರಿಯ ಜಾಲತಾಣದಲ್ಲಿ ಸಿಗುತ್ತದೆ. ಹಾಳೆಯ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರುವಂತೆ ಬರೆದುಕೊಳ್ಳಿ. ಪ್ರಿಂಟ್ ತೆಗೆಸಿದರೂ ಸರಿ, ಆದರೆ ಕೈಯಲ್ಲಿ ಬರೆದಾಗ ಒಂದೊಂದು ಪದವೂ ಬೆರಳಿಗೆ ತಾಗುತ್ತದೆ. ಬರೆದಾದ ಮೇಲೆ ಜೋರಾಗಿ ಓದಿ, ಎಲ್ಲಿ ನಾಲಿಗೆ ತಡೆಯುತ್ತದೋ ಆ ಪದದ ಕೆಳಗೆ ಗೆರೆ ಎಳೆಯಿರಿ. ನಾವು ಹೊರಡುವುದು ಆ ಗೆರೆಯಿಂದ.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ. ಘೋಷಣೆಯ ವಿಧಿಗಳೂ ನಮ್ಮ ಸಂವಿಧಾನದ ವಿಧಿಗಳೂ ಬೇರೆ ಬೇರೆ. 17ನೇ ವಿಧಿ ಅಂದರೆ ಸಂವಿಧಾನದಲ್ಲಿ ಅಸ್ಪೃಶ್ಯತೆಯ ನಿಷೇಧ, ಘೋಷಣೆಯಲ್ಲಿ ಆಸ್ತಿಯ ಹಕ್ಕು. ಮಕ್ಕಳು ಇಲ್ಲಿ ಪ್ರತಿ ಸಲ ಎಡವುತ್ತಾರೆ. ಆ ಎಡವಿನಿಂದಲೇ ಒಂದು ಒಳ್ಳೆಯ ಮಾತೂ ಎದ್ದು ಬರುತ್ತದೆ. 1948ರ ನವೆಂಬರ್ 29ರಂದು ದೆಹಲಿಯ ಸಂವಿಧಾನ ಸಭೆ ಅಸ್ಪೃಶ್ಯತೆಯ ನಿಷೇಧವನ್ನು ಒಪ್ಪಿಕೊಂಡಿತು. ಹೆಚ್ಚುಕಮ್ಮಿ ಅದೇ ವಾರಗಳಲ್ಲಿ ಪ್ಯಾರಿಸ್ಸಿನಲ್ಲಿ ಘೋಷಣೆಯ ಒಂದೊಂದು ಪದದ ಮೇಲೂ ಜಗ್ಗಾಟ ನಡೆದಿತ್ತು. ಎರಡೂ ಒಂದೇ ಕಾಲದ ಕೂಸುಗಳು.

ಪದ ಹಿಡಿದು ಕೇಳುವುದು

ಗೆರೆ ಎಳೆದ ಪದಕ್ಕೆ ಒಂದೇ ಪ್ರಶ್ನೆ ಹಾಕಿ: ಈ ಪದ ಇಲ್ಲದಿದ್ದರೆ ಯಾರು ಹೊರಗೆ ಉಳಿಯುತ್ತಿದ್ದರು?

ಮೊದಲ ವಿಧಿಯನ್ನೇ ತಗೊಳ್ಳಿ. ಎಲ್ಲ ಮಾನವರೂ ಹುಟ್ಟುತ್ತಲೇ ಸ್ವತಂತ್ರರು, ಘನತೆಯಲ್ಲೂ ಹಕ್ಕುಗಳಲ್ಲೂ ಸಮಾನರು ಅನ್ನುತ್ತದೆ. ಕನ್ನಡದಲ್ಲಿ ಓದಿದರೆ ಇಲ್ಲೇನೂ ಜಗಳ ನಡೆದಂತೆ ಕಾಣುವುದಿಲ್ಲ. ಯಾಕೆಂದರೆ ನಮ್ಮ 'ಮನುಷ್ಯ', 'ಮಾನವ'ದೊಳಗೆ ಗಂಡಸೂ ಹೆಂಗಸೂ ಇಬ್ಬರೂ ಇದ್ದಾರೆ, 'ಗಂಡಸು' ಅನ್ನುವ ಪದ ಬೇರೆಯೇ ಇದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಮನುಷ್ಯನಿಗೂ ಗಂಡಸಿಗೂ 'ಮ್ಯಾನ್' ಎಂಬ ಒಂದೇ ಪದ. 1947ರ ಕೊನೆಗೆ ಜಿನೀವಾದಲ್ಲಿ ಸಿದ್ಧವಾದ ಕರಡು 'ಆಲ್ ಮೆನ್' ಅಂತಲೇ ಶುರುವಾಗುತ್ತಿತ್ತು. ಕರಡು ಸಿದ್ಧಪಡಿಸಿದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಹಂಸಾ ಮೆಹ್ತಾ. ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾಗಿದ್ದವರು, ಸಂವಿಧಾನ ಸಭೆಯ ಸದಸ್ಯೆ, 1947ರ ಆಗಸ್ಟ್ 14ರ ನಡುರಾತ್ರಿ ಭಾರತದ ಮಹಿಳೆಯರ ಪರವಾಗಿ ಸಭೆಗೆ ರಾಷ್ಟ್ರಧ್ವಜ ಒಪ್ಪಿಸಿದವರು. ಈ ಪದ ಇಟ್ಟರೆ ಹೆಂಗಸರನ್ನು ಬಿಟ್ಟು ಅರ್ಥ ಮಾಡಿಕೊಳ್ಳುವ ದೇಶಗಳಿರುತ್ತವೆ ಎಂದು ಅವರು ಪಟ್ಟು ಹಿಡಿದರು. ಆಯೋಗದ ಅಧ್ಯಕ್ಷೆ, ಅಮೆರಿಕದ ಎಲಿನಾರ್ ರೂಸ್‌ವೆಲ್ಟ್ ಅವರಿಗೇ ಅದು ದೊಡ್ಡ ತೊಡಕೆಂದು ಅನಿಸಿರಲಿಲ್ಲ; ಇಂಗ್ಲಿಷಿನಲ್ಲಿ ಆ ಪದ ಇಬ್ಬರಿಗೂ ಸಲ್ಲುತ್ತದೆ ಅನ್ನುವುದು ಅವರ ವಾದ. 1948ರಲ್ಲಿ ಪದ ಬದಲಾಯಿತು: 'ಆಲ್ ಹ್ಯೂಮನ್ ಬೀಯಿಂಗ್ಸ್'. ವಿಶ್ವಸಂಸ್ಥೆಯದೇ ಇನ್ನೊಂದು ಆಯೋಗ, ಮಹಿಳೆಯರ ಸ್ಥಾನಮಾನದ ಆಯೋಗವೂ ಒತ್ತಾಯ ಮಾಡಿತ್ತು. ಆದರೂ ಈ ಬದಲಾವಣೆಯನ್ನು ವಿಶ್ವಸಂಸ್ಥೆ ಇವತ್ತಿಗೂ ಹಂಸಾ ಮೆಹ್ತಾ ಅವರ ಹೆಸರಿನಲ್ಲೇ ನೆನೆಯುತ್ತದೆ.

ಎಡಬಲಕ್ಕೆ ಎರಡು ಭಾಷೆ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಕನ್ನಡ ಮಾತ್ರ ಓದಿದವರಿಗೆ ಹಂಸಾ ಮೆಹ್ತಾ ಕಾಣುವುದೇ ಇಲ್ಲ. ಮುಂದೆ ಓದಿ. ಅದೇ ವಿಧಿಯ ಕೊನೆಯಲ್ಲಿ 'ಸಹೋದರ ಭಾವ' ಹಾಗೇ ಉಳಿದಿದೆ. ಅದಕ್ಕೂ ಅವರ ತಕರಾರಿತ್ತು, ಅಲ್ಲಿ ಗೆಲ್ಲಲಿಲ್ಲ. ಇನ್ನು 25ನೇ ವಿಧಿಗೆ ಹೋಗಿ. ಊಟ, ಬಟ್ಟೆ, ಮನೆ, ಔಷಧ ಎಲ್ಲ ಹೇಳುವ ಆ ವಿಧಿ ಇಂಗ್ಲಿಷಿನಲ್ಲಿ 'ಅವನ' ಮತ್ತು 'ಅವನ ಕುಟುಂಬ'ದ ಬಗ್ಗೆ ಮಾತಾಡುತ್ತದೆ. ಕನ್ನಡದ 'ತನ್ನ' ಆ ಕೊರತೆಯನ್ನು ಸದ್ದಿಲ್ಲದೆ ತುಂಬಿಬಿಟ್ಟಿದೆ. ನಮ್ಮ ಗುಂಪಿನ ಒಬ್ಬ ಅಂಗನವಾಡಿ ಕಾರ್ಯಕರ್ತೆ ಇದನ್ನು ಮೊದಲು ಕಂಡುಹಿಡಿದರು. ನಾನು ಅಷ್ಟು ವರ್ಷ ಕಲಿಸಿದರೂ ಗಮನಿಸಿರಲಿಲ್ಲ.

ಬಿಟ್ಟುಹೋದ ಪದವನ್ನೂ ಹುಡುಕಬೇಕು. ಎರಡನೇ ವಿಧಿಯಲ್ಲಿ ಜನಾಂಗ, ಬಣ್ಣ, ಲಿಂಗ, ಭಾಷೆ, ಧರ್ಮ, ರಾಜಕೀಯ ಅಭಿಪ್ರಾಯ, ಸಾಮಾಜಿಕ ಮೂಲ, ಆಸ್ತಿ, ಹುಟ್ಟು ಅಂತ ಒಂದು ಸಾಲೇ ಇದೆ. "ಜಾತಿ ಎಲ್ಲಿ ಟೀಚರ್?" ಅಂತ ಪ್ರತಿ ಗುಂಪಿನಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವವರು ಯಾರು, ಯಾವ ಧ್ವನಿಯಲ್ಲಿ ಕೇಳಿದರು ಅನ್ನುವುದು ನನಗೆ ಬಹಳ ದಿನ ನೆನಪಿರುತ್ತದೆ. ಪ್ಯಾರಿಸ್ಸಿನ ಚರ್ಚೆಯಲ್ಲಿ ಆ ಪದ ಮೇಜಿನ ತನಕ ಬಂದಿತ್ತು. 'ಹುಟ್ಟು' ಅನ್ನುವ ಬದಲು 'ಜಾತಿ' ಇರಲಿ ಎಂದು ಭಾರತದ ನಿಯೋಗವೇ ಸೂಚಿಸಿತು. ಆಮೇಲೆ, 'ಸಾಮಾಜಿಕ ಮೂಲ', 'ಇತರ ಸ್ಥಾನಮಾನ' ಎಂಬ ಮಾತುಗಳಲ್ಲಿ ಅದೂ ಅಡಕವಾಗಿದೆ, ನಾವು ಪಟ್ಟು ಹಿಡಿಯುವುದಿಲ್ಲ ಅಂತ ತಾನೇ ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟದ್ದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೆಸರಿಟ್ಟು ಕರೆದಿದ್ದರೆ ಮುಂದಿನ ಎಷ್ಟೋ ವಾದಗಳು ತಪ್ಪುತ್ತಿದ್ದವು. 1965ರ ಜನಾಂಗೀಯ ತಾರತಮ್ಯ ವಿರೋಧಿ ಒಪ್ಪಂದದಲ್ಲಿ ಭಾರತದ ಸೂಚನೆಯಂತೆ 'ವಂಶ' ಎಂಬ ಪದ ಸೇರಿತು. ಆ ಪದದಲ್ಲಿ ಜಾತಿಯೂ ಸೇರುತ್ತದೆ ಎಂದು ಒಪ್ಪಂದದ ಸಮಿತಿ 2002ರಲ್ಲಿ ಹೇಳಿದರೆ, ನಮ್ಮ ಸರ್ಕಾರ ಇಲ್ಲ ಎನ್ನುತ್ತಾ ಬಂದಿದೆ.

1948ಕ್ಕಿಂತ ಹಿಂದಕ್ಕೆ

ಪದ ಸಿಕ್ಕಿತು, ಅದಕ್ಕೆ ಹೋರಾಡಿದವರು ಸಿಕ್ಕಿದರು. ಇನ್ನು ಹಿಂದಕ್ಕೆ ನಡೆಯಬೇಕು. ಇಲ್ಲಿ ಪಠ್ಯಪುಸ್ತಕದ ದಾರಿ ಹಿಡಿದರೆ ಮ್ಯಾಗ್ನಾಕಾರ್ಟಾ, ಫ್ರೆಂಚ್ ಕ್ರಾಂತಿ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೀರಿ. ತಪ್ಪೇನಲ್ಲ. ಆದರೆ ಅವೆಲ್ಲ ಒಂದು ದೇಶದ ಒಳಗೆ ರಾಜನಿಗೂ ಪ್ರಜೆಗೂ ನಡುವೆ ಆದ ಒಪ್ಪಂದಗಳು. ನಾವು ಹುಡುಕುತ್ತಿರುವುದು ಬೇರೆ: ಒಂದು ಸರ್ಕಾರ ತನ್ನದೇ ಪ್ರಜೆಗೆ ಅನ್ಯಾಯ ಮಾಡಿದಾಗ ಹೊರಗಿನವರು ಯಾಕೆ ಎಂದು ಕೇಳಬಹುದು ಅನ್ನುವ ಮಾತು ಯಾವಾಗ ಹುಟ್ಟಿತು?

ಅದಕ್ಕೆ ಕೆಲವು ಬೇರುಗಳಿವೆ. ಗುಲಾಮರ ವ್ಯಾಪಾರದ ವಿರುದ್ಧ 1815ರ ವಿಯೆನ್ನಾ ಸಮಾವೇಶದಲ್ಲಿ ಆದ ಘೋಷಣೆ ಒಂದು. 1859ರಲ್ಲಿ ಇಟಲಿಯ ಸೋಲ್ಫೆರಿನೋ ಯುದ್ಧಭೂಮಿಯಲ್ಲಿ ನೋಡುವವರಿಲ್ಲದೆ ಬಿದ್ದಿದ್ದ ಗಾಯಾಳುಗಳನ್ನು ಕಂಡ ಹೆನ್ರಿ ಡ್ಯೂನಾಂಟ್‌ರಿಂದ ಶುರುವಾಗಿ 1863ರ ರೆಡ್‌ಕ್ರಾಸ್, 1864ರ ಮೊದಲ ಜಿನೀವಾ ಒಪ್ಪಂದಕ್ಕೆ ಬಂದದ್ದು ಇನ್ನೊಂದು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿ, ದಿನಕ್ಕೆ 8 ಗಂಟೆ ಕೆಲಸ ಎಂದು ತನ್ನ ಮೊದಲ ಒಪ್ಪಂದ ಮಾಡಿದ್ದು ಮತ್ತೊಂದು. ಇವನ್ನು ನಾನು ಒಂದೇ ಭಾನುವಾರದಲ್ಲಿ ಮುಗಿಸುತ್ತೇನೆ. ನಿಧಾನಿಸುವುದು ಒಬ್ಬ ಮನುಷ್ಯನ ಅರ್ಜಿಯ ಹತ್ತಿರ.

ಫ್ರಾನ್ಸ್ ಬರ್ನ್‌ಹೈಮ್ ಯಹೂದಿ. ಮೇಲಣ ಸೈಲೀಶಿಯಾದ ಗ್ಲೈವಿಟ್ಸ್ ಪಟ್ಟಣದ ಒಂದು ದೊಡ್ಡ ಅಂಗಡಿಯಲ್ಲಿ ನೌಕರ. ಆ ಊರು ಈಗ ಪೋಲೆಂಡಿನಲ್ಲಿದೆ, ಆಗ ಜರ್ಮನಿಯಲ್ಲಿತ್ತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ಯಹೂದಿ ಅನ್ನುವ ಒಂದೇ ಕಾರಣಕ್ಕೆ ಆತನನ್ನು ಕೆಲಸದಿಂದ ತೆಗೆದರು. ಜರ್ಮನಿಯ ಉದ್ದಗಲಕ್ಕೂ ಹೀಗೆ ಆಗುತ್ತಿತ್ತು, ಯಾರೂ ಕೇಳುವಂತಿರಲಿಲ್ಲ. ಆದರೆ ಮೇಲಣ ಸೈಲೀಶಿಯಾಕ್ಕೆ ಮಾತ್ರ ಒಂದು ವಿಶೇಷ ಇತ್ತು. ಮೊದಲ ಮಹಾಯುದ್ಧದ ನಂತರ ಆ ಸೀಮೆ ಹಂಚಿಹೋದಾಗ, 1922ರ ಮೇ 15ರಂದು ಜರ್ಮನಿ ಮತ್ತು ಪೋಲೆಂಡ್ ಅಲ್ಪಸಂಖ್ಯಾತರನ್ನು ಕಾಪಾಡುತ್ತೇವೆಂದು 15 ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದವು. ಆ ಒಪ್ಪಂದದಡಿ ಒಬ್ಬ ಸಾಮಾನ್ಯ ಮನುಷ್ಯ ನೇರವಾಗಿ ಜಿನೀವಾದ ರಾಷ್ಟ್ರಸಂಘಕ್ಕೆ, ಅಂದರೆ ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್‌ಗೆ, ಅರ್ಜಿ ಹಾಕಬಹುದಿತ್ತು. ಬರ್ನ್‌ಹೈಮ್ ಪ್ರಾಗ್‌ಗೆ ಹೋಗಿ, 1933ರ ಮೇ ತಿಂಗಳಲ್ಲಿ ಅರ್ಜಿ ಬರೆದು ಸಹಿ ಹಾಕಿದ.

ಈ ಅರ್ಜಿಯನ್ನು ಮಕ್ಕಳಿಗೆ ವಿವರಿಸುವಾಗ ನಾನು ಕಪ್ಪು ಹಲಗೆಯ ಮೇಲೆ ಒಂದು ಗೆರೆ ಎಳೆಯುತ್ತೇನೆ. ಗೆರೆಯ ಈಚೆ ಗ್ಲೈವಿಟ್ಸ್, ಆಚೆ ಉಳಿದ ಜರ್ಮನಿ. ಜರ್ಮನ್ ಸರ್ಕಾರಕ್ಕೆ ಜಿನೀವಾದಲ್ಲಿ ಉತ್ತರ ಕೊಡಬೇಕಾಗಿ ಬಂತು. ಕೆಳಗಿನ ಅಧಿಕಾರಿಗಳು ತಪ್ಪಾಗಿ ಅರ್ಥ ಮಾಡಿಕೊಂಡರು ಅಂತ ಜಾರಿಕೊಂಡಿತು. ಆದರೂ ಗೆರೆಯ ಈಚೆ ಯಹೂದಿ ವಿರೋಧಿ ಕಾನೂನುಗಳನ್ನು ನಿಲ್ಲಿಸಬೇಕಾಯಿತು. 1937ರ ಜುಲೈ ತನಕ, ಅಂದರೆ ಒಪ್ಪಂದದ 15 ವರ್ಷ ಮುಗಿಯುವ ತನಕ, ಅಲ್ಲಿನ ಯಹೂದಿಗಳಿಗೆ ಆ ಒಂದು ಕಾಗದದ ನೆರಳಿತ್ತು. ಗೆರೆಯ ಆಚೆ ಇರಲಿಲ್ಲ. ಅವಧಿ ಮುಗಿದ ಮೇಲೆ ಈಚೆಯೂ ಇಲ್ಲ. ಒಬ್ಬ ಹುಡುಗಿ ಹಲಗೆಯ ಹತ್ತಿರ ಬಂದು, ಆ ಗೆರೆಯನ್ನು ಎರಡೂ ತುದಿಗೆ, ಹಲಗೆಯ ಅಂಚಿನ ತನಕ ಎಳೆದು, "ಎಲ್ಲರಿಗೂ ಯಾಕೆ ಮಾಡಲಿಲ್ಲ?" ಅಂದಳು. 1945ರಲ್ಲಿ ಅಳಿದುಳಿದವರು ಕೇಳಿದ್ದೂ ಅದನ್ನೇ. ಕೆಲವು ಜನರಿಗೆ, ಕೆಲವು ಸೀಮೆಗೆ, ಕೆಲವು ವರ್ಷಕ್ಕೆ ಅನ್ನುವ ರಕ್ಷಣೆ ಸಾಲದು. 'ಸಾರ್ವತ್ರಿಕ' ಎಂಬ ಪದದ ಹಿಂದೆ ಇರುವ ಲೆಕ್ಕ ಇದು.

ಮೇಜಿನ ಸುತ್ತ ಯಾರಿದ್ದರು

ಮೂರನೇ ಹೆಜ್ಜೆ, ಮೇಜಿನ ಚಿತ್ರ ಬರೆಯುವುದು. ಒಂದು ಹಾಳೆಯಲ್ಲಿ ದುಂಡಗೆ ಮೇಜು ಬರೆದು ಸುತ್ತ ಹೆಸರು ಬರೆಯಿರಿ. 1947ರ ಜನವರಿಯಲ್ಲಿ ನ್ಯೂಯಾರ್ಕ್ ಬಳಿಯ ಲೇಕ್ ಸಕ್ಸೆಸ್‌ನಲ್ಲಿ ಮೊದಲು ಕೂತ ಮಾನವ ಹಕ್ಕುಗಳ ಆಯೋಗದಲ್ಲಿ 18 ದೇಶಗಳಿದ್ದವು. ಅಧ್ಯಕ್ಷೆ ರೂಸ್‌ವೆಲ್ಟ್. ಉಪಾಧ್ಯಕ್ಷ ಚೀನಾದ ಪೆಂಗ್ ಚುನ್ ಚಾಂಗ್. ಆಯೋಗದ ವರದಿ ಬರೆಯುವ ಹೊಣೆ ಲೆಬನಾನಿನ ತತ್ತ್ವಶಾಸ್ತ್ರಜ್ಞ ಚಾರ್ಲ್ಸ್ ಮಲಿಕ್ ಅವರದು. ಮೊದಲ ಕರಡು ಬರೆದದ್ದು ವಿಶ್ವಸಂಸ್ಥೆಯ ಸಿಬ್ಬಂದಿ, ಕೆನಡಾದ ಜಾನ್ ಹಂಫ್ರಿ. ಪ್ರಪಂಚದ ಸಂವಿಧಾನಗಳನ್ನೆಲ್ಲ ತರಿಸಿ ಓದಿ 48 ವಿಧಿಗಳ ಕರಡು ಕಟ್ಟಿದರು. ಅದನ್ನು ತಿದ್ದಿ ಜೋಡಿಸಿದವರು ಫ್ರಾನ್ಸಿನ ರೆನೆ ಕಸಾನ್. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡವರು, ಎರಡನೆಯದರಲ್ಲಿ ನಾಜಿಗಳ ಕೈಯಲ್ಲಿ ತಮ್ಮ ಬಂಧುಗಳನ್ನು ಕಳೆದುಕೊಂಡವರು. ಮಾನವ ಹಕ್ಕು ಅಂದರೆ ಪಶ್ಚಿಮದ ಸರಕು ಅನ್ನುವವರಿಗೆ ಈ ಮೇಜಿನ ಚಿತ್ರ ತೋರಿಸಿ. ಮೊದಲ ವಿಧಿಯಲ್ಲಿ ವಿವೇಕದ ಪಕ್ಕದಲ್ಲೇ 'ಅಂತಃಕರಣ' ಇದೆಯಲ್ಲ, ಅದು ಚಾಂಗ್ ಅವರ ಒತ್ತಾಯ. ಬುದ್ಧಿಯೊಂದೇ ಮನುಷ್ಯನ ಗುರುತಲ್ಲ, ಇನ್ನೊಬ್ಬನ ನೋವು ತಟ್ಟುವ ಗುಣವೂ ಬೇಕು ಎಂದು ಅವರು ಕನ್ಫ್ಯೂಷಿಯಸ್ ಪರಂಪರೆಯ ಮಾತೊಂದನ್ನು ಮುಂದಿಟ್ಟಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ತಕ್ಕ ಪದ ಸಿಗಲಿಲ್ಲ. ಕನ್ನಡದ 'ಅಂತಃಕರಣ' ಅವರ ಮನಸ್ಸಿಗೆ ಇಂಗ್ಲಿಷಿಗಿಂತ ಹತ್ತಿರ ಇದೆ ಅಂತ ನನಗೆ ಅನಿಸುತ್ತದೆ.

ಮೇಜಿಗೆ ಇನ್ನೊಂದು ಹೆಸರು ಸೇರಿಸಿ, ಸ್ವಲ್ಪ ಹಿಂದಿನ ಸಾಲಿನಲ್ಲಿ: ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾರತದ ಪರವಾಗಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದವರು. ಆಗ ನಮಗೆ ಸ್ವಾತಂತ್ರ್ಯವೇ ಬಂದಿರಲಿಲ್ಲ. ಮುಂದಿನ ವರ್ಷ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಮೊದಲ ಅಧ್ಯಕ್ಷರಾದರು. ಮಾನವ ಹಕ್ಕುಗಳ ಆಯೋಗವನ್ನು ನೇಮಿಸಿದ್ದು ಇದೇ ಮಂಡಳಿ. ಅದೇ 1946ರಲ್ಲಿ ಅವರು ಮೈಸೂರು ಸಂಸ್ಥಾನದ ದಿವಾನರೂ ಆದರು. ಹಳೇ ಮೈಸೂರಿನವರಿಗೆ ಅವರ ಹೆಸರು ಗೊತ್ತಿರುವುದೇ ಬೇರೆ ಕಾರಣಕ್ಕೆ: 1947ರ ಮೈಸೂರು ಚಲೋ ಚಳವಳಿಯಲ್ಲಿ ಜವಾಬ್ದಾರಿ ಸರ್ಕಾರ ಕೊಡಿ ಎಂದು ಬೀದಿಗಿಳಿದ ಜನ ಕೂಗಿದ್ದು 'ಆರ್ಕಾಟ್ ಬಾಯ್ಕಾಟ್' ಅಂತ. ಎರಡನ್ನೂ ಒಟ್ಟಿಗೇ ನೋಟ್‌ಬುಕ್ಕಿನಲ್ಲಿ ಬರೆಯಿಸಿ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ಚರಿತ್ರೆಗೆ ಮೋಸ ಮಾಡಿದಂತೆ.

ಇಂಥದ್ದೇ ಇನ್ನೊಂದು ಜೋಡಿ, ಆಗ ದಕ್ಷಿಣ ಆಫ್ರಿಕಾದ ಪ್ರಧಾನಿಯಾಗಿದ್ದ ಜಾನ್ ಸ್ಮಟ್ಸ್. ಸನ್ನದಿನ ಪೀಠಿಕೆಗೆ ಮೂಲಭೂತ ಮಾನವ ಹಕ್ಕುಗಳ ಮಾತು ಬರಲು ಕಾರಣರಾದವರಲ್ಲಿ ಅವರೇ ಮುಖ್ಯರು. ಅವರದೇ ಸರ್ಕಾರ 1946ರಲ್ಲಿ ಅಲ್ಲಿನ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂದು ಬೇಲಿ ಹಾಕುವ ಕಾನೂನು ತಂದಿತು. ಭಾರತ ಅದನ್ನು ವಿಶ್ವಸಂಸ್ಥೆಗೆ ಒಯ್ದಿತು. ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ಅದು ನಮ್ಮ ಮನೆಯೊಳಗಿನ ವಿಷಯ, ಕೇಳಲು ನೀವು ಯಾರು ಅನ್ನುವುದು ದಕ್ಷಿಣ ಆಫ್ರಿಕಾದ ಉತ್ತರ. 1946ರ ಡಿಸೆಂಬರ್ 8ರಂದು ಮತಕ್ಕೆ ಹಾಕಿದಾಗ ಭಾರತದ ಕಡೆಗೆ 32, ವಿರುದ್ಧ 15. ಘೋಷಣೆ ಬರುವುದಕ್ಕೆ ಎರಡು ವರ್ಷ ಮೊದಲೇ, 'ಮನೆಯೊಳಗಿನ ವಿಷಯ' ಎಂಬ ಬಾಗಿಲನ್ನು ತಟ್ಟಿದವರು ನಮ್ಮವರು.

ಕೊನೆಗೆ ಮತದ ಪಟ್ಟಿ. 1948ರ ಡಿಸೆಂಬರ್ 10ರ ರಾತ್ರಿ ಪ್ಯಾರಿಸ್ಸಿನ ಪಲೇ ದ ಶಯ್ಯೋದಲ್ಲಿ ಘೋಷಣೆಗೆ 48 ಮತ ಪರ, ವಿರುದ್ಧ ಒಂದೂ ಇಲ್ಲ. 8 ದೇಶಗಳು ತಟಸ್ಥ: ಸೋವಿಯತ್ ಒಕ್ಕೂಟ, ಯುಕ್ರೇನ್, ಬೆಲರೂಸ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಯುಗೊಸ್ಲಾವಿಯಾ, ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾ. ಆಗ ಸದಸ್ಯ ದೇಶಗಳೇ 58. ಏಷ್ಯಾ, ಆಫ್ರಿಕಾದ ಬಹುಪಾಲು ಜನ ಇನ್ನೂ ಯಾರದೋ ವಸಾಹತಿನಲ್ಲಿದ್ದರು, ಅವರಿಗೆ ಮತವೇ ಇರಲಿಲ್ಲ. ಮತ ಹಾಕಿದವರ ಪಟ್ಟಿ ಓದುವಾಗ ಬಾಯಿ ಮುಚ್ಚಿ ಕೂತವರನ್ನು, ಬಾಗಿಲ ಹೊರಗೆ ನಿಂತವರನ್ನು ಮೊದಲು ಎಣಿಸಿ.

ಮುಂದಕ್ಕೆ ನಡೆಯುವುದು

ಘೋಷಣೆ ಕಾನೂನಲ್ಲ. ಇದನ್ನು ಮುಚ್ಚಿಡಬೇಡಿ, ಮಕ್ಕಳಿಗೆ ಆಮೇಲೆ ಗೊತ್ತಾದರೆ ಎಲ್ಲದರ ಮೇಲೂ ನಂಬಿಕೆ ಹೋಗುತ್ತದೆ. ಪ್ರಪಂಚದ ಮೂಲೆಮೂಲೆಯಿಂದ ಆಯೋಗಕ್ಕೆ ದೂರಿನ ಕಾಗದಗಳು ಬರುತ್ತಿದ್ದವು. ಯಾವ ದೂರಿನ ಮೇಲೂ ಕ್ರಮ ಕೈಗೊಳ್ಳುವ ಅಧಿಕಾರ ತನಗಿಲ್ಲ ಎಂದು ಆಯೋಗವೇ 1947ರಲ್ಲಿ ಬರೆದುಕೊಂಡಿತು. ಅದೇ ವರ್ಷ ಅಮೆರಿಕದ ಕಪ್ಪು ಜನರ ಪರವಾಗಿ ಅವರದೇ ಚಿಂತಕ ಡು ಬೋಯಿಸ್ ಮುಂದಾಳತ್ವದಲ್ಲಿ ಸಲ್ಲಿಸಿದ ಮನವಿಯೂ ಅಲ್ಲೇ ನಿಂತಿತು. ಘೋಷಣೆಯ ಮಾತುಗಳಿಗೆ ಕಾನೂನಿನ ಬಲ ಬಂದದ್ದು 1966ರ ಎರಡು ಒಡಂಬಡಿಕೆಗಳಿಂದ: ನಾಗರಿಕ, ರಾಜಕೀಯ ಹಕ್ಕುಗಳದ್ದು ಒಂದು, ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದ್ದು ಇನ್ನೊಂದು. ಜಾರಿಗೆ ಬರಲು ಮತ್ತೆ 10 ವರ್ಷ ಹಿಡಿಯಿತು. ಭಾರತ ಸೇರಿದ್ದು 1979ರ ಏಪ್ರಿಲ್ 10ರಂದು.

ಹಾಗಾಗಿ ನಿಮ್ಮ ವಿಧಿಯನ್ನು ಹಿಡಿದು ಮೂರು ಮನೆ ದಾಟಿಸಿ: ಘೋಷಣೆಯಿಂದ ಒಡಂಬಡಿಕೆಗೆ, ಅಲ್ಲಿಂದ ನಮ್ಮ ಸಂವಿಧಾನಕ್ಕೆ. ಎಲ್ಲಿ ಉಳಿಯಿತು, ಎಲ್ಲಿ ಕಳೆಯಿತು ಬರೆಯಿರಿ.

ಒಬ್ಬಳು ಒಂಬತ್ತನೇ ಕ್ಲಾಸಿನ ಹುಡುಗಿ 17ನೇ ವಿಧಿ ಆರಿಸಿದಳು. ಯಾಕೆ ಅಂತ ನಾನು ಕೇಳಲಿಲ್ಲ, ಅವಳ ಅಜ್ಜಿಯ ಮನೆ ಹಿನ್ನೀರಿನಡಿ ಇದೆ. ವಿಧಿ ಎರಡೇ ಸಾಲು. ಪ್ರತಿಯೊಬ್ಬರಿಗೂ ಒಂಟಿಯಾಗಿ ಅಥವಾ ಇತರರೊಡನೆ ಸೇರಿ ಆಸ್ತಿ ಹೊಂದುವ ಹಕ್ಕಿದೆ. ಯಾರ ಆಸ್ತಿಯನ್ನೂ ಮನಬಂದಂತೆ ಕಿತ್ತುಕೊಳ್ಳುವಂತಿಲ್ಲ. 'ಇತರರೊಡನೆ ಸೇರಿ' ಅನ್ನುವುದರ ಕೆಳಗೆ ಅವಳು ಗೆರೆ ಎಳೆದಿದ್ದಳು. ಒಂದು ಕಡೆ ಖಾಸಗಿ ಆಸ್ತಿಯ ದೇಶಗಳು, ಇನ್ನೊಂದು ಕಡೆ ಸಾಮೂಹಿಕ ಒಡೆತನದ ಸೋವಿಯತ್ ಬಣ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಲು ಬಂದ ಮಾತು ಅದು. ಅದೇ 1948ರಲ್ಲಿ ಬೊಗೋಟಾದಲ್ಲಿ ಅಮೆರಿಕ ಖಂಡದ ದೇಶಗಳು ಮಾಡಿದ ಘೋಷಣೆ ಇನ್ನೂ ಬಿಡಿಸಿ ಹೇಳುತ್ತದೆ: ಮರ್ಯಾದೆಯಿಂದ ಬದುಕಲು ಬೇಕಾದಷ್ಟು ಆಸ್ತಿ, ಮನುಷ್ಯನ ಮತ್ತು ಮನೆಯ ಘನತೆ ಕಾಯುವಷ್ಟು. ಆ ಸಾಲು ಓದಿದಾಗ ಗುಂಪಿನಲ್ಲಿದ್ದ ಹಿರಿಯರೊಬ್ಬರು "ಅಷ್ಟೇ ಸಾಕಿತ್ತು ನಮಗೆ" ಅಂದರು.

ಎರಡನೇ ಮನೆಗೆ ಹೋದರೆ ಅಚ್ಚರಿ ಕಾದಿದೆ. 1966ರ ಎರಡೂ ಒಡಂಬಡಿಕೆಗಳಲ್ಲಿ ಆಸ್ತಿಯ ಹಕ್ಕೇ ಇಲ್ಲ. ಆಸ್ತಿ ಎಂದರೆ ಏನು, ಕಿತ್ತುಕೊಂಡರೆ ಪರಿಹಾರ ಎಷ್ಟು ಎಂಬುದರಲ್ಲಿ ದೇಶಗಳು ಒಮ್ಮತಕ್ಕೆ ಬರಲಿಲ್ಲ, ಬಿಟ್ಟೇಬಿಟ್ಟರು. ಮೂರನೇ ಮನೆ ನಮ್ಮದು. 1950ರ ಸಂವಿಧಾನದಲ್ಲಿ ಆಸ್ತಿ ಮೂಲಭೂತ ಹಕ್ಕು. 1978ರ 44ನೇ ತಿದ್ದುಪಡಿ ಅದನ್ನು ಆ ಸಾಲಿನಿಂದ ತೆಗೆದು 300ಎ ವಿಧಿಗೆ ತಂದಿತು. ಅಲ್ಲಿರುವುದು, ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ತೆಗೆಯುವಂತಿಲ್ಲ ಎಂದು. ಎರಡು ವಾಕ್ಯಗಳನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಸಿದೆ. 'ಮನಬಂದಂತೆ' ಅನ್ನುವುದಕ್ಕೂ 'ಕಾನೂನಿಲ್ಲದೆ' ಅನ್ನುವುದಕ್ಕೂ ಏನು ವ್ಯತ್ಯಾಸ? ಹುಡುಗಿ ಬಹಳ ಹೊತ್ತು ನೋಡಿ ಹೇಳಿದಳು, "ಕಾನೂನು ಇಟ್ಟುಕೊಂಡೇ ಮನಬಂದಂತೆ ಮಾಡಬಹುದಲ್ಲ ಟೀಚರ್." ಆ ಪದ ಇಡುವಾಗಲೂ ಇದೇ ಚರ್ಚೆ ಆಗಿತ್ತು: ಮನಬಂದಂತೆ ಎಂದರೆ ಕಾನೂನಿಗೆ ವಿರುದ್ಧವಾಗಿ ಮಾತ್ರವೋ, ನ್ಯಾಯಕ್ಕೆ ವಿರುದ್ಧವಾಗಿಯೂ ಹೌದೋ? ಅಜ್ಜಿಯ ಗದ್ದೆ ಹೋದ ಕಾಲಕ್ಕೆ ಭೂಸ್ವಾಧೀನಕ್ಕೆ ಇದ್ದದ್ದು 1894ರ ಬ್ರಿಟಿಷರ ಕಾನೂನು. ಅದರಲ್ಲಿ ಪರಿಹಾರ ಇತ್ತು, ಪುನರ್ವಸತಿ ಎಂಬ ಮಾತಿರಲಿಲ್ಲ. ಅದು ಸೇರಿದ್ದು 2013ರ ಕಾಯ್ದೆಯಲ್ಲಿ.

ಹುಡುಗಿ ಆ ಎರಡು ಸಾಲನ್ನು ಮನೆಗೆ ಹೋಗಿ ಅಜ್ಜಿಗೆ ಓದಿದಳಂತೆ. ಅಜ್ಜಿ ಕೇಳಿದ್ದು ಒಂದೇ: "ಇದು ಬರೆದಿದ್ದು ನಾವು ಏಳೋಕಿಂತ ಮುಂಚೆಯೋ, ಆಮೇಲೆಯೋ?" ಹದಿನಾರು ವರ್ಷ ಮುಂಚೆ ಅಜ್ಜಿ, ಅಂತ ಇವಳು ಲೆಕ್ಕ ಹಾಕಿ ಹೇಳಿದಳು. ಅಜ್ಜಿ ಮತ್ತೆ ಮಾತಾಡಲಿಲ್ಲವಂತೆ. ಹುಡುಗಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ, ತಾರೀಖು ಹಾಕಿ.

ಮೂಲ ಕಾಗದ ನೋಡಬೇಕೆಂದರೆ

ಕಾಲೇಜಿಗೆ ಹೋಗುವವರಾದರೆ ಇಷ್ಟಕ್ಕೆ ನಿಲ್ಲಬೇಡಿ. ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯದಲ್ಲಿ ಸಭೆಗಳ ದಾಖಲೆ ಉಚಿತವಾಗಿ ಸಿಗುತ್ತವೆ. ಡಾಗ್ ಹ್ಯಾಮರ್‌ಶೋಲ್ಡ್ ಗ್ರಂಥಾಲಯವು ಘೋಷಣೆಯ ಕರಡುಗಳಿಗೆಂದೇ ಒಂದು ಮಾರ್ಗದರ್ಶಿ ಪುಟ ಇಟ್ಟಿದೆ. ದಾಖಲೆಗಳಿಗೆ ಹೆಸರಿಗಿಂತ ಸಂಕೇತ ಮುಖ್ಯ. 'ಇ' ಅಂದರೆ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ, 'ಸಿಎನ್.4' ಅಂದರೆ ಮಾನವ ಹಕ್ಕುಗಳ ಆಯೋಗ, 'ಎಸ್ಆರ್' ಅಂದರೆ ಸಭೆಯ ಸಾರಾಂಶ. 'ಎ/ಸಿ.3' ಎಂದಿದ್ದರೆ ಪ್ಯಾರಿಸ್ಸಿನಲ್ಲಿ ಘೋಷಣೆ ಚರ್ಚಿಸಲು 80ಕ್ಕೂ ಹೆಚ್ಚು ಸಲ ಸೇರಿದ, ಮಹಾಸಭೆಯ ಮೂರನೇ ಸಮಿತಿ. 'ಎ/ಪಿವಿ.183' ಎಂದರೆ ಘೋಷಣೆ ಅಂಗೀಕಾರವಾದ ಸಭೆ. ಈ ಸಂಕೇತಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹುಡುಕಾಟದ ಜಾಗದಲ್ಲಿ ಹಾಕಬೇಕು. 'ಎಸ್ಆರ್' ಕಾಗದಗಳು ಸಾರಾಂಶ ಮಾತ್ರ, ಆಡಿದ ಮಾತು ಪದಶಃ ಅಲ್ಲ. ಹಂಸಾ ಮೆಹ್ತಾ ಹೀಗೇ ಅಂದರು ಎಂದು ಉದ್ಧರಣ ಚಿಹ್ನೆಯೊಳಗೆ ಬರೆಯುವ ಮುಂಚೆ ಇದು ನೆನಪಿರಲಿ.

ಈ ಓದಿನಿಂದ ನಮ್ಮ ಗುಂಪಿಗೆ ಆದ ನೇರ ಉಪಯೋಗ ಒಂದು ಹೇಳುತ್ತೇನೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 2ನೇ ಕಲಂ, ಬದುಕು, ಸ್ವಾತಂತ್ರ್ಯ, ಸಮಾನತೆ, ಘನತೆಗೆ ಸೇರಿದ ಹಕ್ಕುಗಳ ಸಾಲಿಗೆ ಅಂತರರಾಷ್ಟ್ರೀಯ ಒಡಂಬಡಿಕೆಗಳಲ್ಲಿರುವ, ನಮ್ಮ ಕೋರ್ಟುಗಳು ಜಾರಿ ಮಾಡಬಹುದಾದ ಹಕ್ಕುಗಳನ್ನೂ ಸೇರಿಸುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರನ್ನು ಕನ್ನಡದಲ್ಲೇ ಬರೆಯಬಹುದು, ಶುಲ್ಕ ಇಲ್ಲ. ಆದರೆ 36ನೇ ಕಲಂ ಓದಿಕೊಳ್ಳಿ: ಘಟನೆ ನಡೆದು ಒಂದು ವರ್ಷ ದಾಟಿದ್ದರೆ ಆಯೋಗ ವಿಚಾರಣೆ ಮಾಡುವಂತಿಲ್ಲ. ನಮ್ಮಲ್ಲೊಬ್ಬರ ಮಗನಿಗೆ ಆದ ಅನ್ಯಾಯದ ದೂರು ಹೀಗೇ, ಹನ್ನೊಂದು ದಿನ ತಡವಾಯಿತೆಂದು ವಾಪಸು ಬಂತು. ಅಂದಿನಿಂದ ನಮ್ಮ ಅರಿವು ಕೇಂದ್ರದ ಗೋಡೆಯ ಮೇಲೆ ಆ ಒಂದು ವರ್ಷದ ಗಡುವನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ.

ಬರುವ ಭಾನುವಾರ 15ನೇ ವಿಧಿ, ಪೌರತ್ವದ ಹಕ್ಕು. ಅದರ ಬೇರು 1922ರ ನ್ಯಾನ್ಸೆನ್ ಪಾಸ್‌ಪೋರ್ಟಿನಲ್ಲಿದೆ: ದೇಶವೇ ಇಲ್ಲದವರಾಗಿದ್ದ ರಷ್ಯನ್ ನಿರಾಶ್ರಿತರ ಕೈಗೆ ರಾಷ್ಟ್ರಸಂಘ ಕೊಡಿಸಿದ ಕಾಗದ. ಮೊದಲ ಸಲ ಶುರು ಮಾಡುವವರಿಗೆ ಒಳ್ಳೆಯ ವಿಧಿ, ಎರಡೇ ಸಾಲು. ಕೈಯಲ್ಲಿ ಬರೆದುಕೊಂಡು ಬನ್ನಿ. ಪೆನ್ಸಿಲ್ ಇರಲಿ, ಪೆನ್ ಬೇಡ. ಮೊದಲ ವಾರ ಎಳೆದ ಗೆರೆಯನ್ನು ಎಲ್ಲರೂ ಒಮ್ಮೆ ಅಳಿಸಿ ಬೇರೆ ಪದದ ಕೆಳಗೆ ಎಳೆಯುತ್ತಾರೆ.